ಮಾಸ್ ಸ್ಪೆಕ್ಟ್ರೋಮೀಟರ್ ಕಂಡದ್ದೆಷ್ಟು, ಸಾಫ್ಟ್‌ವೇರ್ ಕಳೆದದ್ದೆಷ್ಟು?

ಕ್ಯಾನ್ಸರ್ ಕೋಶಗಳಿಗೆ ಸಕ್ಕರೆಯೇ ಆಹಾರ ಎಂದು ಒಂದು ಸುದ್ದಿ. ಸಕ್ಕರೆಯಲ್ಲ, ಅದು ಒಡೆದಾಗ ಹುಟ್ಟುವ ಲ್ಯಾಕ್ಟೇಟ್ ಎಂದು ಇನ್ನೊಂದು. ಮತ್ತೊಂದರಲ್ಲಿ ಗ್ಲುಟಮಿನ್ ಎಂಬ ಅಮೈನೋ ಆಮ್ಲದ ಹೆಸರು. ಮೂರರ ಹಿಂದೆಯೂ ಹೆಸರುವಾಸಿ ಪ್ರಯೋಗಾಲಯಗಳಿವೆ, ಮೂರರಲ್ಲೂ ಶೇಕಡಾವಾರು ಅಂಕಿಗಳಿವೆ. ವಿಜ್ಞಾನಿಗಳು ದಿನಕ್ಕೊಂದು ಹೇಳುತ್ತಾರೆ ಎಂದುಕೊಂಡು ಓದುಗರು ಮುಂದಿನ ಸುದ್ದಿಗೆ ಹೋಗುತ್ತಾರೆ. ವಾಟ್ಸ್ಆ್ಯಪ್‌ನಲ್ಲಿ ಮಾತ್ರ ಮೊದಲನೆಯದು ‘ಸಕ್ಕರೆ ಬಿಟ್ಟರೆ ಗೆಡ್ಡೆ ಕರಗುತ್ತದೆ’ ಎಂಬ ರೂಪ ತಾಳಿ ಸುತ್ತುತ್ತಲೇ ಇರುತ್ತದೆ. (ಹಾಗೆ ಹೇಳಲು ಈ ಯಾವ ಪ್ರಯೋಗದಲ್ಲೂ ಆಧಾರವಿಲ್ಲ.)

ಇಂಥ ಸುದ್ದಿಗಳಲ್ಲಿ ಬರುವ ಅಂಕಿಗಳಿಗೆ ಒಂದು ಸಾಮಾನ್ಯ ಗುಣವಿದೆ. ಅವು ಅಣುಗಳನ್ನು ತೂಗುವ ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರ ಅಳೆದ ಅಂಕಿಗಳಲ್ಲ. ಯಂತ್ರ ಅಳೆದದ್ದನ್ನು ಒಂದು ಸಾಫ್ಟ್‌ವೇರ್‌ಗೆ ಕೊಟ್ಟು, ಅದು ಕಳೆಯಬೇಕಾದ್ದನ್ನು ಕಳೆದ ಮೇಲೆ ಉಳಿದವು. ಎಷ್ಟು ಕಳೆಯಿತು, ಯಾವ ಲೆಕ್ಕದಲ್ಲಿ ಕಳೆಯಿತು ಎಂಬುದು ಸುದ್ದಿಯಲ್ಲಿ ಇರುವುದಿಲ್ಲ. ಮೂಲ ಪ್ರಬಂಧದಲ್ಲೂ ಅದಕ್ಕೆ ಎಷ್ಟೋ ಸಲ ಒಂದೇ ಸಾಲು.

ತೂಕ ಹೆಚ್ಚಿಸಿ ಕಳಿಸಿದ ಇಂಗಾಲ

ಸಾಧಾರಣ ಇಂಗಾಲದ ಪರಮಾಣು 12 ತೂಗುತ್ತದೆ. ಒಂದು ನ್ಯೂಟ್ರಾನ್ ಹೆಚ್ಚಿರುವ ಇಂಗಾಲ-13 ಎಂಬ ಐಸೋಟೋಪ್ 13 ತೂಗುತ್ತದೆ. ರಾಸಾಯನಿಕ ವರ್ತನೆಯಲ್ಲಿ ಎರಡಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಇದು ವಿಕಿರಣ ಸೂಸುವುದಿಲ್ಲವಾದ್ದರಿಂದ ರೋಗಿಗಳ ರಕ್ತಕ್ಕೂ ಹನಿಸಬಹುದು. ದೇಹದೊಳಗೆ ಅಣುಗಳು ಎತ್ತ ಹೋಗುತ್ತವೆ ಎಂದು ಹೀಗೆ ತೂಕದ ಗುರುತಿನಿಂದ ಹುಡುಕುವ ವಿದ್ಯೆ 1935ರಷ್ಟು ಹಳೆಯದು. ಹೆರಾಲ್ಡ್ ಯೂರಿ 1931ರಲ್ಲಿ ಕಂಡುಹಿಡಿದಿದ್ದ ಭಾರದ ಜಲಜನಕವನ್ನೇ ಬಳಸಿ, ಅದೇ ಕೊಲಂಬಿಯಾ ವಿಶ್ವವಿದ್ಯಾಲಯದ ರುಡಾಲ್ಫ್ ಶೋನ್‌ಹೈಮರ್ ಮತ್ತು ಡೇವಿಡ್ ರಿಟೆನ್‌ಬರ್ಗ್ ಈ ದಾರಿ ತೆರೆದರು. ದೇಹದ ಕೊಬ್ಬು ಗೋದಾಮಿನಲ್ಲಿ ಸುಮ್ಮನೆ ಬಿದ್ದಿರುವ ಸರಕಲ್ಲ, ಸದಾ ಬದಲಾಗುತ್ತಿರುತ್ತದೆ ಎಂದು ತಿಳಿದದ್ದು ಆ ಪ್ರಯೋಗಗಳಿಂದ.

ಹೀಗೆ ಗುರುತಿಗಾಗಿ ಭಾರ ಹೆಚ್ಚಿಸಿದ ಅಣುವನ್ನು ಟ್ರೇಸರ್ ಎನ್ನುತ್ತಾರೆ. ಇಂದಿನ ಪ್ರಯೋಗಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಆರೂ ಇಂಗಾಲಗಳು 13 ತೂಗುವ ಗ್ಲುಕೋಸ್. ಅದನ್ನು ಕೋಶಗಳಿಗೆ ಉಣಿಸಿ, ಸ್ವಲ್ಪ ಹೊತ್ತಿನ ನಂತರ ಕೋಶಗಳನ್ನು ಒಡೆದು, ಒಳಗಿನ ಅಣುಗಳನ್ನು ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ ತೂಗುತ್ತಾರೆ. ಗ್ಲುಕೋಸ್ ಎರಡು ಹೋಳಾದರೆ ಮೂರು ಮೂರು ಇಂಗಾಲಗಳ ಪೈರುವೇಟ್ ಸಿಗುತ್ತದೆ. ಅದು ಲ್ಯಾಕ್ಟೇಟ್ ಆದರೆ ಆ ಲ್ಯಾಕ್ಟೇಟ್ ಮಾಮೂಲಿಗಿಂತ 3 ಹೆಚ್ಚು ತೂಗುತ್ತದೆ. ಇದನ್ನು ಎಂ+3 ಎನ್ನುತ್ತಾರೆ, ಮಾಮೂಲಿ ತೂಕದ್ದು ಎಂ+0. ಪೈರುವೇಟ್ ಮೈಟೊಕಾಂಡ್ರಿಯದೊಳಗೆ ಹೋಗಿ ಒಂದು ಇಂಗಾಲ ಕಳೆದುಕೊಂಡು, ಉಳಿದ ಎರಡನ್ನು ಸಿಟ್ರೇಟ್‌ಗೆ ಕೊಟ್ಟರೆ ಸಿಟ್ರೇಟ್ ಎಂ+2 ಆಗುತ್ತದೆ. ಹೀಗೆ ಅಣುವಿನ ತೂಕ ನೋಡಿಯೇ ಅದು ಬಂದ ದಾರಿಯನ್ನು ಊಹಿಸಬಹುದು. ಇಲ್ಲಿಯವರೆಗೆ ಗೊಂದಲವೇನೂ ಇಲ್ಲ.

ಪ್ರಕೃತಿ ಮೊದಲೇ ಬೆರೆಸಿಟ್ಟದ್ದು

ಗೊಂದಲ ಶುರುವಾಗುವುದು ಇಂಗಾಲ-13 ಪ್ರಯೋಗಾಲಯದ ಸ್ವತ್ತಲ್ಲ ಎಂಬಲ್ಲಿ. ಭೂಮಿಯ ಮೇಲಿನ ಇಂಗಾಲದಲ್ಲಿ ಸುಮಾರು ಶೇ 1.1 ಭಾಗ ಅದೇ. ನಾವು ತಿನ್ನುವ ಅನ್ನದಲ್ಲೂ ಇದೆ, ಉಸಿರಿನಲ್ಲೂ ಇದೆ. ಒಂದು ಪರಮಾಣುವಿಗೆ ಶೇ 1.1 ಎಂದರೆ ಕಡಿಮೆ ಅನ್ನಿಸುತ್ತದೆ. ಆದರೆ ಗ್ಲುಕೋಸ್‌ನಲ್ಲಿ ಇಂಗಾಲ ಆರು. ಆರರಲ್ಲಿ ಯಾವುದಾದರೂ ಒಂದು ಭಾರದ್ದಾಗಿರುವ ಸಾಧ್ಯತೆ ಕೂಡುತ್ತ ಹೋಗುತ್ತದೆ. ಯಾರೂ ಗುರುತು ಹಾಕದ ಸಾದಾ ಗ್ಲುಕೋಸ್‌ನಲ್ಲೂ ಮಾಮೂಲಿ ತೂಕದ ಪ್ರತಿ 100 ಅಣುಗಳಿಗೆ ಆರಕ್ಕೂ ಹೆಚ್ಚು ಅಣುಗಳು ಎಂ+1 ಆಗಿ ಕಾಣುತ್ತವೆ. 27 ಇಂಗಾಲಗಳ ಕೊಲೆಸ್ಟರಾಲ್‌ನಲ್ಲಿ ಈ ಅಂಕಿ 29ರ ಆಸುಪಾಸು.

ಇಂಗಾಲ ಒಂದೇ ಅಲ್ಲ. ಸಾರಜನಕದಲ್ಲಿ ಶೇ 0.37ರಷ್ಟು, ಗಂಧಕದಲ್ಲಿ ಶೇ 4ಕ್ಕಿಂತ ಹೆಚ್ಚು ಭಾರದ ಪರಮಾಣುಗಳಿವೆ. ಇವೆಲ್ಲಕ್ಕಿಂತ ಹೆಚ್ಚು ತೊಂದರೆ ಕೊಡುವುದು ಸಿಲಿಕಾನ್. ನಮ್ಮ ದೇಹದ ಈ ಅಣುಗಳಲ್ಲಿ ಸಿಲಿಕಾನ್ ಎಲ್ಲಿಂದ ಬಂತು ಎಂದು ಕೇಳಬಹುದು. ಅಣುಗಳನ್ನು ಆವಿಯಾಗಿಸಿ ಬೇರ್ಪಡಿಸುವ ಗ್ಯಾಸ್ ಕ್ರೊಮ್ಯಾಟೋಗ್ರಫಿಯಲ್ಲಿ ಅವು ಸುಲಭವಾಗಿ ಆವಿಯಾಗಲಿ ಎಂದು ಸಂಶೋಧಕರೇ ಅವಕ್ಕೆ ಸಿಲಿಕಾನ್ ಇರುವ ಗುಂಪುಗಳನ್ನು ಅಂಟಿಸುತ್ತಾರೆ. ಮೂರೇ ಇಂಗಾಲಗಳ ಲ್ಯಾಕ್ಟೇಟ್ ಆಗ 11 ಇಂಗಾಲ, 2 ಸಿಲಿಕಾನ್ ಇರುವ ತುಣುಕಾಗಿ ಯಂತ್ರಕ್ಕೆ ಸಿಗುತ್ತದೆ. ಅದರ ಲೆಕ್ಕ ಹಾಕಿದರೆ, ಟ್ರೇಸರ್‌ನ ಸೋಂಕೇ ಇಲ್ಲದ ಲ್ಯಾಕ್ಟೇಟ್‌ನಲ್ಲಿ ಎಂ+0ರ ಪ್ರತಿ 100ಕ್ಕೆ ಎಂ+1 ಸುಮಾರು 22, ಎಂ+2 ಸುಮಾರು 9 ಬರುತ್ತದೆ. ಕಳೆಯದೆ ಬಿಟ್ಟರೆ ಗುರುತೇ ಹಾಕದ ಕೋಶದಲ್ಲಿ ಕಾಲುಭಾಗ ಅಣುಗಳು ಗುರುತು ಹೊತ್ತಂತೆ ಕಾಣುತ್ತವೆ.

ಕೊಂಡು ತಂದ ಟ್ರೇಸರ್ ಕೂಡ ಪೂರ್ತಿ ಶುದ್ಧವಲ್ಲ. ಬಾಟಲಿಯ ಮೇಲೆ ಶೇ 99 ಎಂದಿದ್ದರೆ ಅದು ಒಂದೊಂದು ಪರಮಾಣುವಿನ ಲೆಕ್ಕ. ಆರೂ ಇಂಗಾಲಗಳು ಭಾರದ್ದಾಗಿರುವ ಅಣುಗಳು ಶೇ 94 ಮಾತ್ರ. ಹೆಚ್ಚುಕಡಿಮೆ ಉಳಿದವೆಲ್ಲ ಎಂ+5. ಇದನ್ನು ಮರೆತವರು, ಕೋಶದೊಳಗೆ ಯಾವುದೋ ಹೊಸ ಪ್ರಕ್ರಿಯೆ ಎಂ+5 ಗ್ಲುಕೋಸ್ ತಯಾರಿಸುತ್ತಿದೆ ಎಂದು ಬೆರಗಾಗಬಹುದು.

ತುಂಬಿದಂತೆ ಹಗುರಾಗುವ ಡಬ್ಬ

ಹಾಗಾದರೆ ಕಳೆದರಾಯಿತಲ್ಲ? ಎಣ್ಣೆ ಅಂಗಡಿಯಲ್ಲಿ ಮೊದಲು ಖಾಲಿ ಡಬ್ಬ ತೂಗಿ, ಆಮೇಲೆ ಎಣ್ಣೆ ತುಂಬಿ ತೂಗಿ, ಡಬ್ಬದ ತೂಕ ಕಳೆಯುತ್ತಾರೆ. ಬಹಳ ಕಾಲ ಟ್ರೇಸರ್ ಲೆಕ್ಕವೂ ಹೀಗೆಯೇ ನಡೆಯಿತು. ಗುರುತಿಲ್ಲದ ಮಾದರಿಯನ್ನು ಅಳೆದು, ಅದರ ಎಂ+1, ಎಂ+2 ಪ್ರಮಾಣಗಳನ್ನು ಗುರುತಿರುವ ಮಾದರಿಯಿಂದಲೂ ಹಾಗೆಯೇ ಕಳೆಯುವುದು.

ಆದರೆ ಇಲ್ಲಿನ ಡಬ್ಬ ಎಣ್ಣೆ ತುಂಬಿದಂತೆ ಹಗುರಾಗುತ್ತದೆ. ಸಿಟ್ರೇಟ್‌ನ ಆರು ಇಂಗಾಲಗಳಲ್ಲಿ ಎರಡು ಟ್ರೇಸರ್‌ನಿಂದ ಬಂದಿದ್ದರೆ, ಪ್ರಕೃತಿಯ ಆಕಸ್ಮಿಕಕ್ಕೆ ಉಳಿದದ್ದು ನಾಲ್ಕೇ ಇಂಗಾಲ. ಆರಕ್ಕೂ ಟ್ರೇಸರ್ ತಾಗಿದ್ದರೆ ಅಂಥ ಇಂಗಾಲ ಒಂದೂ ಉಳಿಯುವುದಿಲ್ಲ. ಆದ್ದರಿಂದ ಗುರುತು ಹೆಚ್ಚಿದಂತೆ ಕಳೆಯಬೇಕಾದ ಪ್ರಮಾಣ ಕಡಿಮೆಯಾಗಬೇಕು. ಇದಕ್ಕಾಗಿ ಒಂದು ಮ್ಯಾಟ್ರಿಕ್ಸ್ ಕಟ್ಟುತ್ತಾರೆ: ಗುರುತಿಲ್ಲದ ಅಣು ಯಂತ್ರದಲ್ಲಿ ಹೇಗೆ ಹರಡಿಕೊಂಡು ಕಾಣುತ್ತದೆ, ಒಂದು ಗುರುತಿನದು ಹೇಗೆ, ಎರಡರದು ಹೇಗೆ ಎಂದು ಒಂದೊಂದಕ್ಕೂ ಒಂದು ಕಂಬಸಾಲು. ನಂತರ ಯಂತ್ರದ ನಕ್ಷೆಯಲ್ಲಿ ಒಂದೊಂದು ತೂಕಕ್ಕೂ ಎದ್ದು ಕಾಣುವ ಶಿಖರಗಳಿಂದ ಹಿಂದಕ್ಕೆ ಲೆಕ್ಕ ಹಾಕಿ ನಿಜವಾದ ಪ್ರಮಾಣಗಳನ್ನು ಬಿಡಿಸುತ್ತಾರೆ. ಈ ಗಣಿತ 1990ರ ದಶಕದಲ್ಲೇ ಪ್ರಕಟವಾಗಿ ನೆಲೆಗೊಂಡಿದೆ. ಇದರಲ್ಲಿ ಹೊಸ ರಹಸ್ಯವೇನೂ ಉಳಿದಿಲ್ಲ.

ಒಂದೇ ಅಳತೆ, ಮೂರು ಉತ್ತರ

ವ್ಯತ್ಯಾಸ ಎಷ್ಟಾಗಬಹುದು ಎಂಬುದಕ್ಕೆ ಒಂದು ಕಲ್ಪಿತ ಲೆಕ್ಕ ನೋಡೋಣ. ಗೆಡ್ಡೆಯ ಕೋಶದಲ್ಲಿ ಸಿಟ್ರೇಟ್ ಎಂ+2 ಶಿಖರ 40 ಎಂದಿಟ್ಟುಕೊಳ್ಳಿ. ಎಂ+3 ಶಿಖರ 3.7. ಈ ಎಂ+3 ಮೇಲೆ ಸಂಶೋಧಕರಿಗೆ ವಿಶೇಷ ಆಸಕ್ತಿ. ಪೈರುವೇಟ್ ಕಾರ್ಬಾಕ್ಸಿಲೇಸ್ ಎಂಬ ಕಿಣ್ವ ಪೈರುವೇಟ್‌ನ ಮೂರೂ ಇಂಗಾಲಗಳನ್ನು ಉಳಿಸಿಕೊಂಡು ಸಿಟ್ರೇಟ್‌ನ ಚಕ್ರಕ್ಕೆ, ಅಂದರೆ ಕೋಶ ಆಹಾರವನ್ನು ಉರಿಸಿ ಶಕ್ತಿ ಪಡೆಯುವ ಕ್ರಿಯೆಗಳ ಸರಣಿಗೆ, ಸೇರಿಸುತ್ತದೆ. ಎಂ+3 ಇದೆ ಎಂದರೆ ಆ ಕಿಣ್ವ ಚುರುಕಾಗಿದೆ ಎಂದು ಓದುತ್ತಾರೆ. ಕಿಣ್ವ ಚುರುಕಾಗಿದೆ ಎಂದರೆ ಅದನ್ನು ತಡೆಯುವ ಔಷಧ ಹುಡುಕಬಹುದು.

ಈಗ ಕಳೆಯುವ ಕೆಲಸ. ಏನೂ ಕಳೆಯದಿದ್ದರೆ ಉತ್ತರ 3.7. ಸರಿಯಾಗಿ ಕಳೆದರೆ, ಎಂ+2ರಲ್ಲಿ ಉಳಿದ ನಾಲ್ಕು ಇಂಗಾಲಗಳಿಂದ 40ರ ಶೇ 4.3, ಅಂದರೆ 1.7, ಎಂ+3ಕ್ಕೆ ಜಾರಿದೆ. ಅದನ್ನು ತೆಗೆದರೆ ಉತ್ತರ 2. ಹಳೆಯ ಡಬ್ಬದ ಲೆಕ್ಕ ಹಿಡಿದರೆ ಆರೂ ಇಂಗಾಲಗಳ ಹೆಸರಿನಲ್ಲಿ ಶೇ 6.5, ಅಂದರೆ 2.6 ಕಳೆಯುತ್ತೇವೆ. ಆಗ ಉತ್ತರ 1.1. ಯಂತ್ರದ ಅಳತೆ ಒಂದೇ, ಆದರೆ ಕಿಣ್ವದ ಚಟುವಟಿಕೆ ಮೂರು ಪಟ್ಟಿಗೂ ಹೆಚ್ಚು ಹಿಂದೆಮುಂದೆ ಆಯಿತು.

ಅದೇ ಹೊತ್ತಿಗೆ ಎಂ+2ರ 40 ಎಂಬ ಅಂಕಿ ಈ ಯಾವ ಲೆಕ್ಕದಲ್ಲೂ ಹೆಚ್ಚು ಅಲುಗಾಡುವುದಿಲ್ಲ. ಸುದ್ದಿ ಓದುವವರಿಗೆ ಉಪಯೋಗವಾಗುವ ವಿಷಯ ಇದೇ ಎಂದು ನನ್ನ ಅಭಿಪ್ರಾಯ. ದೊಡ್ಡ ಅಂಕಿಗಳು ಕಳೆಯುವ ತಪ್ಪನ್ನು ತಾಳಿಕೊಳ್ಳುತ್ತವೆ, ದೊಡ್ಡದರ ಪಕ್ಕದಲ್ಲೇ ನಿಂತ ಸಣ್ಣ ಅಂಕಿಗಳು ತಾಳಿಕೊಳ್ಳುವುದಿಲ್ಲ. ದುರದೃಷ್ಟಕ್ಕೆ, ‘ಹಿಂದೆ ಯಾರೂ ಕಾಣದ ದಾರಿ ಪತ್ತೆ’ ಎಂಬ ಶೀರ್ಷಿಕೆಗಳು ಹುಟ್ಟುವುದು ಹೆಚ್ಚಾಗಿ ಈ ಸಣ್ಣ ಅಂಕಿಗಳಿಂದಲೇ.

ಸಾಫ್ಟ್‌ವೇರ್‌ಗಳು ಏಕೆ ಇಷ್ಟೊಂದು?

ಗಣಿತ ನೆಲೆಗೊಂಡಿದ್ದರೆ ಒಂದು ಸಾಫ್ಟ್‌ವೇರ್ ಸಾಕಿತ್ತು. ಆದರೆ ಫ್ರಾನ್ಸ್‌ನ ಟುಲೂಸ್‌ನಿಂದ 2012ರಲ್ಲಿ ಐಸೋಕಾರ್ ಬಂತು, 2017ರಲ್ಲಿ ಅಮೆರಿಕದ ಪ್ರಿನ್ಸ್‌ಟನ್‌ನಿಂದ ಆಕ್ಯುಕಾರ್, 2018ರಲ್ಲಿ ಜರ್ಮನಿಯ ರೇಗನ್ಸ್‌ಬರ್ಗ್‌ನಿಂದ ಐಸೋಕರೆಕ್ಟಾರ್. ಐಸೋಕಾರ್‌ಗೆ 2019ರಲ್ಲಿ ಎರಡನೆಯ ಆವೃತ್ತಿಯೂ ಬಂತು. ಎಲ್ಲವೂ ಉಚಿತ. ಇಷ್ಟೊಂದು ಬರಲು ಕಾರಣ ಯಂತ್ರಗಳ ದೃಷ್ಟಿ ಚುರುಕಾದದ್ದು.

ಹಳೆಯ ಯಂತ್ರಗಳಿಗೆ ‘ಒಂದು ಹೆಚ್ಚು’ ಎಂದರೆ ಒಂದೇ. ಆರ್ಬಿಟ್ರ್ಯಾಪ್‌ನಂಥ ಇಂದಿನ ಯಂತ್ರಗಳು ಹಾಗಲ್ಲ. ಇಂಗಾಲ-13 ಸೇರಿದರೆ ತೂಕ 1.00335 ಏರುತ್ತದೆ, ಸಾರಜನಕ-15 ಸೇರಿದರೆ 0.99703. ಈ 0.006ರ ಅಂತರವನ್ನು ಒಳ್ಳೆಯ ಯಂತ್ರ ಬೇರೆ ಬೇರೆ ಶಿಖರಗಳಾಗಿ ತೋರಿಸುತ್ತದೆ. ಬೇರೆಯಾಗಿ ಕಂಡದ್ದನ್ನು ಲೆಕ್ಕದಲ್ಲಿ ಮತ್ತೆ ಕಳೆಯುವಂತಿಲ್ಲ, ಯಾಕೆಂದರೆ ಇಂಗಾಲದ ಶಿಖರದಲ್ಲಿ ಅದು ಇಲ್ಲವೇ ಇಲ್ಲ.

ಗ್ಲುಟಾಥಯೋನ್ ಎಂಬ ಅಣುವಿನಲ್ಲಿ ಒಂದು ಗಂಧಕ ಇದೆ. ಸಾಧಾರಣ ಯಂತ್ರದಲ್ಲಿ ಗಂಧಕ-34ರಿಂದಾಗಿ ಎಂ+2ಕ್ಕೆ ಎಂ+0ರ ಸುಮಾರು ಶೇ 4.5 ಸೇರುತ್ತದೆ, ಕಳೆಯಲೇಬೇಕು. ಚುರುಕು ಯಂತ್ರದಲ್ಲಿ ಆ ಶಿಖರ ಪಕ್ಕದಲ್ಲಿ ಬೇರೆಯೇ ಕಾಣುತ್ತದೆ. ಆದರೂ ಸಾಫ್ಟ್‌ವೇರ್‌ಗೆ ಯಂತ್ರ ಸಾಧಾರಣದ್ದು ಎಂದು ತಪ್ಪಾಗಿ ಹೇಳಿದರೆ, ಅದು ಇಲ್ಲದ ಶೇ 4.5ನ್ನು ಕಳೆದು, ಗುರುತಿದ್ದ ಅಣುವನ್ನೂ ಗುರುತಿಲ್ಲದ್ದು ಮಾಡಿಬಿಡುತ್ತದೆ. ಆರ್ಬಿಟ್ರ್ಯಾಪ್‌ನ ಈ ಚುರುಕು ಎಲ್ಲ ತೂಕಗಳಿಗೂ ಒಂದೇ ಆಗಿರುವುದಿಲ್ಲ, ಅಣು ಭಾರವಾದಂತೆ ಕುಗ್ಗುತ್ತದೆ. ಒಂದೇ ಮಾದರಿಯಲ್ಲಿ ಒಂದು ಅಣುವಿಗೆ ಕಳೆಯಬೇಕಾದ್ದನ್ನು ಇನ್ನೊಂದಕ್ಕೆ ಕಳೆಯಬಾರದು ಎಂಬ ಸ್ಥಿತಿ ಬರುತ್ತದೆ. ಆಕ್ಯುಕಾರ್ ಮತ್ತು ನಂತರದ ಸಾಫ್ಟ್‌ವೇರ್‌ಗಳು ಯಂತ್ರದ ರೆಸಲ್ಯೂಶನ್ (ಈ ಚುರುಕಿನ ಅಳತೆ) ಎಷ್ಟು ಎಂದು ಮೊದಲೇ ಕೇಳುವುದು ಇದಕ್ಕೇ.

ಯಂತ್ರ ಎಷ್ಟೇ ಚುರುಕಾದರೂ ಒಂದು ಬೆರಕೆಯನ್ನು ಬಿಡಿಸಲಾರದು. ಪ್ರಕೃತಿಯ ಇಂಗಾಲ-13 ಮತ್ತು ಟ್ರೇಸರ್‌ನ ಇಂಗಾಲ-13 ಒಂದೇ ಪರಮಾಣು. ಅವನ್ನು ಬೇರ್ಪಡಿಸಲು ಲೆಕ್ಕ ಬಿಟ್ಟರೆ ಬೇರೆ ದಾರಿಯಿಲ್ಲ.

ಸೊನ್ನೆಗಿಂತ ಕೆಳಗಿನ ಅಂಕಿಗಳು

ಸಂಶೋಧಕರ ನಡುವಿನ ಭಿನ್ನಾಭಿಪ್ರಾಯ ಇಲ್ಲಿಂದ ಶುರು. ಒಂದು ಪಕ್ಷದ ಮಾತು: ಅಣುಸೂತ್ರ, ರೆಸಲ್ಯೂಶನ್, ಟ್ರೇಸರ್‌ನ ಶುದ್ಧತೆ ಸರಿಯಾಗಿ ಕೊಟ್ಟರೆ ಎಲ್ಲ ಸಾಫ್ಟ್‌ವೇರ್‌ಗಳೂ ಹೆಚ್ಚುಕಡಿಮೆ ಒಂದೇ ಉತ್ತರ ಕೊಡುತ್ತವೆ, ಇದರಲ್ಲಿ ತಲೆಕೆಡಿಸಿಕೊಳ್ಳಬೇಕಾದ್ದಿಲ್ಲ. ಇನ್ನೊಂದು ಪಕ್ಷ ಹೇಳುವುದು: ಆ ‘ಸರಿಯಾಗಿ ಕೊಟ್ಟರೆ’ ಎಂಬಲ್ಲಿಯೇ ಎಲ್ಲ ತಪ್ಪುಗಳೂ ನಡೆಯುತ್ತವೆ. ಸಿಲಿಕಾನ್ ಗುಂಪನ್ನು ಸೂತ್ರಕ್ಕೆ ಸೇರಿಸಲು ಮರೆಯುವುದು, ಒಮ್ಮೆ ತಿದ್ದಿದ ಅಂಕಿಗಳನ್ನೇ ಮತ್ತೊಂದು ಸಾಫ್ಟ್‌ವೇರ್‌ಗೆ ಹಾಕಿ ಎರಡು ಸಲ ಕಳೆಯುವುದು, ಇವನ್ನು ಯಾವ ಸಾಫ್ಟ್‌ವೇರೂ ತಾನಾಗಿ ಹಿಡಿಯಲಾರದು. ಗಣಿತದ ಮಟ್ಟಿಗೆ ಮೊದಲನೆಯವರ ಮಾತು ನಿಜ. ಪ್ರಯೋಗಾಲಯದ ದಿನನಿತ್ಯದ ಕೆಲಸದ ಮಟ್ಟಿಗೆ ಎರಡನೆಯವರ ಮಾತೇ ಹೆಚ್ಚು ತೂಗುತ್ತದೆ.

ಋಣ ಅಂಕಿಗಳದ್ದು ಇನ್ನೊಂದು ಜಗಳ. ಅಳತೆಯಲ್ಲಿ ಆಕಸ್ಮಿಕ ಏರುಪೇರು ಇದ್ದೇ ಇರುತ್ತದೆ. ನಿಜವಾಗಿ ಸೊನ್ನೆ ಇರಬೇಕಾದ ಕಡೆ ಒಮ್ಮೆ 0.3 ಬಂದರೆ ಇನ್ನೊಮ್ಮೆ ಋಣ 0.3 ಬರುತ್ತದೆ. ಅಣುಗಳು ಋಣ ಸಂಖ್ಯೆಯಲ್ಲಿ ಇರಲಾರವು ಎಂಬ ಕಾರಣಕ್ಕೆ, ಉತ್ತರ ಸೊನ್ನೆಗಿಂತ ಕೆಳಗೆ ಹೋಗದಂತೆ ಸಾಫ್ಟ್‌ವೇರ್‌ಗಳು ಕಟ್ಟುಹಾಕುತ್ತವೆ. ಒಂದೊಂದೇ ಮಾದರಿಗೆ ಇದು ವಿವೇಕದ ಕೆಲಸ. ಆದರೆ ಹತ್ತಾರು ಮಾದರಿಗಳ ಸರಾಸರಿ ತೆಗೆದಾಗ ಧನ ತಪ್ಪುಗಳು ಉಳಿದು ಋಣ ತಪ್ಪುಗಳು ಅಳಿಸಿಹೋಗಿ, ಸೊನ್ನೆಯ ಜಾಗದಲ್ಲಿ ಒಂದು ಸಣ್ಣ ಧನ ಅಂಕಿ ನಿಲ್ಲುತ್ತದೆ. ಮತ್ತೆ ಅದೇ ಸಣ್ಣ ಅಂಕಿಗಳ ಸಮಸ್ಯೆ. ಲೆಕ್ಕಕ್ಕೂ ಅಳತೆಗೂ ಎಷ್ಟು ಹೊಂದಿಕೆಯಾಗಲಿಲ್ಲ ಎಂಬ ಶೇಷವನ್ನು ಐಸೋಕಾರ್ ಪ್ರತ್ಯೇಕವಾಗಿ ಕೊಡುತ್ತದೆ. ಆ ಶೇಷ ದೊಡ್ಡದಿದ್ದರೆ ಬೇರೆ ಯಾವುದೋ ಅಣು ಅದೇ ತೂಕದಲ್ಲಿ ನುಸುಳಿದೆ ಎಂದು ಅನುಮಾನಿಸಬಹುದು.

ಪರೀಕ್ಷೆಗೆ ಸುಲಭದ ದಾರಿಯಿದೆ. ಗುರುತೇ ಹಾಕದ ಮಾದರಿಯನ್ನು ಅಳೆದು, ತಿದ್ದಿ ನೋಡುವುದು. ಎಂ+0 ಶೇ 100ರ ಸಮೀಪ ಬರದಿದ್ದರೆ ಎಲ್ಲೋ ತಪ್ಪಿದೆ. ಟುಲೂಸ್‌ನ ತಂಡ ಇನ್ನೂ ಜಾಣ ಉಪಾಯ ಮಾಡಿತು. ಗುರುತಿಲ್ಲದ್ದು, ಮೊದಲ ಇಂಗಾಲಕ್ಕೆ ಗುರುತಿರುವುದು, ಎರಡನೆಯದಕ್ಕೆ ಇರುವುದು, ಎರಡಕ್ಕೂ ಇರುವುದು, ಹೀಗೆ ಎರಡು ಇಂಗಾಲಗಳ ಅಸಿಟೇಟನ್ನು ನಾಲ್ಕು ಬಗೆಯಲ್ಲಿ ತಂದು ಸಮಪಾಲಾಗಿ ಬೆರೆಸಿ ಇ. ಕೋಲೈ ಬ್ಯಾಕ್ಟೀರಿಯಾಕ್ಕೆ ಉಣಿಸಿದರು. ಆಗ ಪ್ರತಿ ಇಂಗಾಲವೂ ಭಾರದ್ದಾಗಿರುವ ಸಾಧ್ಯತೆ ಅರ್ಧ. ಮೂರು ಇಂಗಾಲಗಳ ಅಣುವಿನಲ್ಲಿ ಪ್ರಮಾಣಗಳು 1:3:3:1 ಬರಲೇಬೇಕು. ಇದು ಪಾಸ್ಕಲ್‌ನ ತ್ರಿಕೋನ, ಛಂದಸ್ಸು ಓದಿದವರಿಗೆ ಮೇರುಪ್ರಸ್ತಾರ. ಉತ್ತರ ಮೊದಲೇ ಗೊತ್ತಿರುವ ಲೆಕ್ಕವನ್ನು ಕೊಟ್ಟು ಯಂತ್ರವನ್ನೂ ಸಾಫ್ಟ್‌ವೇರನ್ನೂ ಒಟ್ಟಿಗೆ ಪರೀಕ್ಷಿಸಿದಂತಾಯಿತು.

ಹಾಗಾದರೆ ಸಕ್ಕರೆಯೋ, ಲ್ಯಾಕ್ಟೇಟೋ?

ಕ್ಯಾನ್ಸರ್ ಸುದ್ದಿಗಳ ಗೊಂದಲಕ್ಕೆ ಕಳೆಯುವ ತಪ್ಪು ಕಾರಣವೇ? ಬಹುಮಟ್ಟಿಗೆ ಅಲ್ಲ. ಗೆಡ್ಡೆಗಳು ಗ್ಲುಕೋಸನ್ನು ಯಥೇಚ್ಛವಾಗಿ ಎಳೆದುಕೊಂಡು ಲ್ಯಾಕ್ಟೇಟ್ ಮಾಡಿ ಹೊರಹಾಕುತ್ತವೆ ಎಂದು ಆಟೋ ವಾರ್‌ಬರ್ಗ್ 1920ರ ದಶಕದಲ್ಲಿ ತೋರಿಸಿದ್ದರು. 2017ರಲ್ಲಿ ಪ್ರಿನ್ಸ್‌ಟನ್ ತಂಡ ಇಲಿಗಳ ರಕ್ತಕ್ಕೆ ಟ್ರೇಸರ್ ಹನಿಸಿ ಅಳೆದಾಗ, ರಕ್ತದಲ್ಲಿ ಲ್ಯಾಕ್ಟೇಟ್‌ನ ಹರಿವು ಉಂಡ ಇಲಿಗಳಲ್ಲಿ ಗ್ಲುಕೋಸ್‌ಗಿಂತ 1.1 ಪಟ್ಟು, ಉಪವಾಸವಿದ್ದವುಗಳಲ್ಲಿ 2.5 ಪಟ್ಟು ಇತ್ತು. ಉಪವಾಸದ ಇಲಿಗಳ ಶ್ವಾಸಕೋಶದ ಗೆಡ್ಡೆಗಳಲ್ಲಿ ಸಿಟ್ರೇಟ್ ಚಕ್ರಕ್ಕೆ ಗ್ಲುಕೋಸ್‌ಗಿಂತ ಲ್ಯಾಕ್ಟೇಟ್‌ನ ಪಾಲು ಹೆಚ್ಚಿತ್ತು. ಮೇದೋಜೀರಕದ ಗೆಡ್ಡೆಗಳಲ್ಲೂ ಹಾಗೆಯೇ, ಅಲ್ಲಿ ಗ್ಲುಟಮಿನ್‌ನ ಪಾಲು ಲ್ಯಾಕ್ಟೇಟ್‌ಗಿಂತಲೂ ಹೆಚ್ಚು. ಅದೇ ವರ್ಷ ಟೆಕ್ಸಾಸ್‌ನ ಸಂಶೋಧಕರು ಶ್ವಾಸಕೋಶದ ಕ್ಯಾನ್ಸರ್ ಇರುವ ಮನುಷ್ಯರಲ್ಲೂ ಗೆಡ್ಡೆ ಲ್ಯಾಕ್ಟೇಟನ್ನು ಬಳಸಿಕೊಳ್ಳುವುದನ್ನು ತೋರಿಸಿದರು.

ಇವು ಒಂದನ್ನೊಂದು ಅಲ್ಲಗಳೆಯುವುದಿಲ್ಲ. ರಕ್ತದ ಲ್ಯಾಕ್ಟೇಟ್ ಬಹುಪಾಲು ಗ್ಲುಕೋಸ್‌ನಿಂದಲೇ ಹುಟ್ಟಿದ್ದು. ದೇಹದ ಒಂದು ಭಾಗ ಗ್ಲುಕೋಸನ್ನು ಒಡೆದು ಲ್ಯಾಕ್ಟೇಟ್ ಮಾಡಿ ರಕ್ತಕ್ಕೆ ಬಿಟ್ಟರೆ ಇನ್ನೊಂದು ಭಾಗ ಅದನ್ನು ಉರಿಸುತ್ತದೆ. ಯಾವುದನ್ನು ಆಹಾರ ಎನ್ನಬೇಕು ಎಂಬುದು ಪ್ರಶ್ನೆ ಕೇಳಿದ ರೀತಿಯ ಮೇಲೆ, ಯಾವ ಅಂಗ, ಉಪವಾಸವೋ ಊಟವೋ ಎಂಬುದರ ಮೇಲೆ ನಿಂತಿದೆ. ಸರಿಯಾಗಿ ತಿದ್ದಿದ ಶೇಕಡಾವಾರು ಕೂಡ ‘ಇಷ್ಟು ಅಣುಗಳಲ್ಲಿ ಗುರುತಿದೆ’ ಎನ್ನುತ್ತದೆಯೇ ಹೊರತು ಹರಿವಿನ ವೇಗವನ್ನು ಹೇಳುವುದಿಲ್ಲ. ಅದಕ್ಕೆ ರಕ್ತದಲ್ಲಿ ಟ್ರೇಸರ್ ಎಷ್ಟು ದುರ್ಬಲವಾಗಿ ಬೆರೆತಿತ್ತು ಎಂಬ ಇನ್ನೊಂದು ಲೆಕ್ಕ ಬೇಕು.

ರಾಗಿ ಉಂಡವರ ಉಸಿರು

ಪ್ರಕೃತಿಯ ಪಾಲು ಶೇ 1.1 ಎಂದು ಎಲ್ಲ ಕಡೆ ಒಂದೇ ಅಂಕಿ ಹಿಡಿಯಬಹುದೇ? ಕೋಶಗಳ ಪ್ರಯೋಗಕ್ಕೆ ಧಾರಾಳವಾಗಿ ಸಾಕು. ಪೋಷಣೆಯ ಅಧ್ಯಯನಗಳಿಗೆ ಸಾಲದು. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯಲ್ಲಿ ಇಂಗಾಲ-13 ಇರುವ ಲ್ಯೂಸಿನ್ ಎಂಬ ಅಮೈನೋ ಆಮ್ಲ ಕೊಟ್ಟು, ಅದು ಎಷ್ಟು ಉರಿದು ಉಸಿರಿನಲ್ಲಿ ಹೊರಬರುತ್ತದೆ ಎಂದು ನೋಡಿ, ಭಾರತೀಯರಿಗೆ ಲೈಸಿನ್ ಎಂಬ ಇನ್ನೊಂದು ಅಮೈನೋ ಆಮ್ಲ ಎಷ್ಟು ಬೇಕೆಂದು ಅಳೆದರು. (ಲೈಸಿನ್ ಸಾಲದಿದ್ದರೆ ಲ್ಯೂಸಿನ್ ಪ್ರೋಟೀನಿಗೆ ಸೇರದೆ ಉರಿದುಹೋಗುತ್ತದೆ.) ಇಂಥ ಅಧ್ಯಯನಗಳ ನಂತರ ವಿಶ್ವ ಆರೋಗ್ಯ ಸಂಸ್ಥೆ ಮತ್ತಿತರ ಸಂಸ್ಥೆಗಳ ಜಂಟಿ ವರದಿ, 1985ರಲ್ಲಿ ದಿನಕ್ಕೆ ಪ್ರತಿ ಕಿಲೋ ದೇಹತೂಕಕ್ಕೆ 12 ಮಿಲಿಗ್ರಾಂ ಇದ್ದ ಅಗತ್ಯವನ್ನು 2007ರಲ್ಲಿ 30 ಮಿಲಿಗ್ರಾಂಗೆ ಏರಿಸಿತು. 60 ಕಿಲೋ ತೂಗುವವರಿಗೆ 720 ಇದ್ದದ್ದು 1,800 ಮಿಲಿಗ್ರಾಂ ಆಯಿತು. ಲೈಸಿನ್ ಕಡಿಮೆ ಇರುವ ಧಾನ್ಯಗಳನ್ನೇ ನೆಚ್ಚಿಕೊಂಡ, ಬೇಳೆ ಕೊಳ್ಳಲಾಗದ ಮನೆಗಳಿಗೆ ಇದು ಸಣ್ಣ ವ್ಯತ್ಯಾಸವಲ್ಲ.

ಉಸಿರಿನ ಅಳತೆಯಲ್ಲಿ ಹುಡುಕುವ ಏರಿಕೆ ಶೇಕಡಾ ಒಂದರ ನೂರನೇ ಭಾಗಗಳಲ್ಲಿ ಇರುತ್ತದೆ. ರಾಗಿ, ಜೋಳ, ಮೆಕ್ಕೆಜೋಳ, ಕಬ್ಬು ಗಾಳಿಯಿಂದ ಇಂಗಾಲ ಹಿಡಿಯುವ ವಿಧಾನ ಭತ್ತ, ಗೋಧಿಗಳ ವಿಧಾನಕ್ಕಿಂತ ಬೇರೆ. ಆದ್ದರಿಂದ ಅವುಗಳಲ್ಲಿ ಇಂಗಾಲ-13 ಸ್ವಲ್ಪ ಹೆಚ್ಚು: ಸುಮಾರು ಶೇ 1.09. ಭತ್ತದಲ್ಲಿ ಸುಮಾರು ಶೇ 1.08. ಕೇಳಿದರೆ ನಗು ಬರುವಷ್ಟು ಸಣ್ಣ ಅಂತರ, ಆದರೆ ಹುಡುಕುತ್ತಿರುವ ಏರಿಕೆಯೂ ಅಷ್ಟೇ ಸಣ್ಣದು. ಪ್ರಯೋಗದ ನಡುವೆ ಅನ್ನದಿಂದ ಮುದ್ದೆಗೆ ಬದಲಾದರೆ ಟ್ರೇಸರ್ ಇಲ್ಲದೆಯೂ ಉಸಿರು ಭಾರವಾಗುತ್ತದೆ. ಹಾಗಾಗಿ ಇಲ್ಲಿ ಪುಸ್ತಕದ ಅಂಕಿ ಕಳೆಯದೆ, ಅದೇ ವ್ಯಕ್ತಿಯ ಟ್ರೇಸರ್‌ಗೆ ಮೊದಲಿನ ಉಸಿರನ್ನು ಅಳೆದು ಕಳೆಯುತ್ತಾರೆ, ಊಟವನ್ನೂ ಬದಲಾಗದಂತೆ ನೋಡಿಕೊಳ್ಳುತ್ತಾರೆ.

ಮುಚ್ಚಿಟ್ಟ ಲೆಕ್ಕಪುಸ್ತಕ

ತಿದ್ದಿದ ಶೇಕಡಾವಾರುಗಳ ಕಂಬಚಿತ್ರ ಮಾತ್ರ ಪ್ರಕಟವಾದರೆ, ಓದಿದವರು ಅದನ್ನು ಬಿಡಿಸಿ ನೋಡಲಾರರು. ಯಾವ ಸಾಫ್ಟ್‌ವೇರ್‌ನ ಎಷ್ಟನೆಯ ಆವೃತ್ತಿ, ಯಾವ ಅಣುಸೂತ್ರ, ಎಷ್ಟು ರೆಸಲ್ಯೂಶನ್, ಟ್ರೇಸರ್‌ನ ಶುದ್ಧತೆ ಎಷ್ಟು, ಋಣ ಅಂಕಿಗಳನ್ನು ಏನು ಮಾಡಿದರು ಎಂಬ ಮಾಹಿತಿ ಇದ್ದರೆ ತಪ್ಪನ್ನು ಊಹಿಸಬಹುದು. ತಿದ್ದುವ ಮೊದಲಿನ ಶಿಖರಗಳ ಅಂಕಿಗಳೇ ಇದ್ದರೆ ಹೊಸದಾಗಿ ಲೆಕ್ಕ ಹಾಕಿಯೇ ನೋಡಬಹುದು. ಇವನ್ನು ಇಡಲು ಯೂರೋಪಿನಲ್ಲಿ ಮೆಟಬೊಲೈಟ್ಸ್, ಅಮೆರಿಕದಲ್ಲಿ ಮೆಟಬೊಲೊಮಿಕ್ಸ್ ವರ್ಕ್‌ಬೆಂಚ್ ಎಂಬ ಸಾರ್ವಜನಿಕ ಭಂಡಾರಗಳಿವೆ, ಎರಡೂ ಉಚಿತ.

ಕೃತಕ ಬುದ್ಧಿಮತ್ತೆಯ ಕೆಲಸಕ್ಕೆ ಹಳೆಯ ದತ್ತಾಂಶಗಳನ್ನು ಒಟ್ಟುಗೂಡಿಸುವ ಆಸೆ ಈಗ ಎಲ್ಲರಿಗೂ ಇದೆ. ಒಂದು ಪ್ರಯೋಗಾಲಯದ ತಿದ್ದಿದ ಅಂಕಿ, ಇನ್ನೊಂದರ ತಿದ್ದದ ಅಂಕಿ, ಮೂರನೆಯದರ ಎರಡು ಸಲ ತಿದ್ದಿದ ಅಂಕಿ ಒಂದೇ ಕೋಷ್ಟಕಕ್ಕೆ ಸೇರಿದರೆ, ಕೃತಕ ಬುದ್ಧಿಮತ್ತೆ ಅದರಲ್ಲಿ ಕಂಡುಹಿಡಿಯುವ ‘ವ್ಯತ್ಯಾಸ’ ಗೆಡ್ಡೆಗಳದ್ದೋ ಪ್ರಯೋಗಾಲಯಗಳ ಲೆಕ್ಕದ ರೂಢಿಯದ್ದೋ ಎಂದು ಹೇಳಲು ಸಾಧ್ಯವಾಗುವುದಿಲ್ಲ. ಮೂಲ ಶಿಖರಗಳನ್ನು ಭಂಡಾರಕ್ಕೆ ಕೊಟ್ಟ ಪ್ರಯೋಗಗಳನ್ನು ಇವತ್ತಿನ ಸಾಫ್ಟ್‌ವೇರ್‌ನಲ್ಲಿ ಮತ್ತೆ ತಿದ್ದಿ ಸೇರಿಸಿಕೊಳ್ಳಬಹುದು, ಉಳಿದವನ್ನು ಹೊರಗಿಡುವುದೇ ಸುರಕ್ಷಿತ.